ಅಜ್ಜನ ಲಕೋಟೆಯ ಮೇಲಿನ ಬಿ.ಡಿ.ಡಿ. ಚಾಳು ಕಟ್ಟಿಸಿದ್ದು ಯಾರು?

ಪ್ರಶ್ನೆ: ನಮ್ಮ ಅಜ್ಜ ಗದಗ ಹತ್ತಿರದ ಹಳ್ಳಿಯವರು. 1948ರಿಂದ 1971ರವರೆಗೆ ಮುಂಬಯಿಯ ಬಟ್ಟೆ ಗಿರಣಿಯಲ್ಲಿ ದುಡಿದರು. ಅವರ ಟ್ರಂಕಿನಲ್ಲಿ ಸಿಕ್ಕ ಲಕೋಟೆಗಳ ಮೇಲೆ 'ಬಿ.ಡಿ.ಡಿ. ಚಾಳ್, ಡಿಲೈಲ್ ರೋಡ್, ಮುಂಬಯಿ 13' ಅಂತ ಇದೆ. ಆ ಮನೆ ಗಿರಣಿ ಮಾಲೀಕರು ಕೊಟ್ಟಿದ್ದಾ? ಒಂದೇ ಖೋಲಿಯಲ್ಲಿ ಹನ್ನೆರಡು ಜನ ಇದ್ದರಂತೆ, ಅದು ಹೇಗೆ ಸಾಧ್ಯ? ಒಮ್ಮೆ ಹೋಗಿ ನೋಡಿ ಬಂದಿದ್ದ ಅಜ್ಜಿ 'ಅದೇನ್ ಮನೀನಾ, ಜೈಲ್ ಇದ್ದಾಂಗಿತ್ತು' ಅನ್ನುತ್ತಿದ್ದರು. ಆ ಚಾಳು ಈಗಲೂ ಇದೆಯಾ? ಅದರಲ್ಲಿ ನಮಗೆ ಏನಾದರೂ ಹಕ್ಕು ಇದೆಯಾ?

ಉತ್ತರ: ಮೊದಲು ಒಂದು ಮಾತು. ಆ ಲಕೋಟೆಗಳನ್ನು ಎಸೆಯಬೇಡಿ. ಚಾಳಿನ ನಂಬರು, ಖೋಲಿ ನಂಬರು ಏನಾದರೂ ಇದ್ದರೆ ಫೋಟೋ ತೆಗೆದಿಡಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಚಾಳು ಅಂದರೆ ಸಾಲು ಸಾಲು ಖೋಲಿಗಳ, ಅಂದರೆ ಕೋಣೆಗಳ, ಬಾಡಿಗೆ ಕಟ್ಟಡ. ನಿಮ್ಮ ಅಜ್ಜನದು ಗಿರಣಿ ಮಾಲೀಕರು ಕೊಟ್ಟಿದ್ದಲ್ಲ. ಸರ್ಕಾರ ಕಟ್ಟಿಸಿದ್ದು. ಬಿ.ಡಿ.ಡಿ. ಅಂದರೆ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್. ಬ್ರಿಟಿಷರ ಕಾಲದಲ್ಲಿ, 1920ರಲ್ಲಿ ಶುರುವಾದ ಇಲಾಖೆ. ಇನ್ನು ನಿಮ್ಮ ಅಜ್ಜಿ ಹೇಳಿದ ಮಾತು ಇದೆಯಲ್ಲ, ಅದು ಬರೀ ಹೋಲಿಕೆ ಅಲ್ಲ. ಆ ಚಾಳುಗಳಲ್ಲಿ ಕೆಲವು ನಿಜವಾಗಿಯೂ ಜೈಲಾಗಿದ್ದವು. ಅದಕ್ಕೂ ಬರುತ್ತೇನೆ.

ಮಾಲೀಕರು ಯಾಕೆ ಕಟ್ಟಿಸಲಿಲ್ಲ ಅನ್ನೋದನ್ನು ತಿಳಿಯೋಕೆ ನಿಮ್ಮ ಕಡೆಯದೇ ಒಂದು ಊರು ನೋಡಿ. ಗೋಕಾಕ ಫಾಲ್ಸ್‌ನಲ್ಲಿ 1887ರಲ್ಲಿ ಗಿರಣಿ ಶುರುವಾಯಿತು. ಸುತ್ತ ಬಂಡೆ, ಪಕ್ಕದಲ್ಲಿ ಘಟಪ್ರಭೆ, ಊರು ದೂರ. ಅಂಥ ಜಾಗದಲ್ಲಿ ಕೂಲಿಯವರನ್ನು ಹತ್ತಿರ ಇಟ್ಟುಕೊಳ್ಳದೆ ಗಿರಣಿ ನಡೆಯಲ್ಲ. ಹಾಗಾಗಿ ಕಂಪನಿಯೇ ಮನೆ ಕಟ್ಟಿಸಬೇಕಾಯಿತು. ಮುಂಬಯಿಯ ಲೆಕ್ಕ ಬೇರೆ. ಅಲ್ಲಿ ಕಾವಸ್ಜಿ ದಾವರ್ ಅನ್ನುವ ಪಾರ್ಸಿ ವ್ಯಾಪಾರಿ 1854ರಲ್ಲಿ ಮೊದಲ ಹತ್ತಿ ಗಿರಣಿ ಕಂಪನಿ ಕಟ್ಟಿದರು, 1856ಕ್ಕೆ ನೂಲು ಬಂತು. ಆಮೇಲೆ ಗಿರಣಿ ಮೇಲೆ ಗಿರಣಿ ಎದ್ದವು. ರತ್ನಾಗಿರಿ, ಸಾತಾರಾ ಕಡೆಯಿಂದ, ನಮ್ಮ ಕಡೆಯಿಂದ ಜನ ತಾವಾಗಿಯೇ ಬಂದರು. ಹೊಲದಲ್ಲಿ ಹೊಟ್ಟೆ ತುಂಬದವರು, ಸಾಲ ಮೈಮೇಲೆ ಇದ್ದವರು. ಬೆಳಗ್ಗೆ ಗಿರಣಿ ಗೇಟಿನ ಮುಂದೆ ಬೇಕಾದ್ದಕ್ಕಿಂತ ಜಾಸ್ತಿ ಜನ ನಿಂತಿರುವಾಗ ಮಾಲೀಕ ಮನೆ ಯಾಕೆ ಕಟ್ಟಿಸುತ್ತಾನೆ? ಕೆಲವು ಗಿರಣಿಗಳು ತಮ್ಮದೇ ಚಾಳು ಕಟ್ಟಿಸಿದ್ದು ಇದೆ, ಇಲ್ಲ ಅನ್ನಲ್ಲ. ಆದರೆ ಅವು ಕಡಿಮೆ.

ಆ ಗೇಟಿನ ವಿಷಯ ಮುಖ್ಯ. ಕೆಲಸಕ್ಕೆ ಆಳು ಆರಿಸುತ್ತಿದ್ದವನು ಜಾಬರ್. ಖಾಯಂ ಕೆಲಸ ಸಿಗದವರು ಬದಲಿಗಳು. ಯಾರಾದರೂ ರಜೆ ಹಾಕಿದರೆ ಆ ದಿನದ ಮಟ್ಟಿಗೆ ಮಗ್ಗದ ಮುಂದೆ ನಿಲ್ಲೋದು, ಇಲ್ಲಾಂದ್ರೆ ವಾಪಸ್. ಹೀಗಿರುವಾಗ ಗಿರಣಿಯಿಂದ ನಡೆದು ಹೋಗುವಷ್ಟು ಹತ್ತಿರ ಇರಲೇಬೇಕು. ದೂರ ಇದ್ದವನಿಗೆ ಕೆಲಸವಿಲ್ಲ. ಇದನ್ನು ಕಂಡುಕೊಂಡ ಖಾಸಗಿಯವರು ಪರೇಲ್, ಲಾಲ್‌ಬಾಗ್, ಬೈಕುಲಾ ಸುತ್ತ ಚಾಳು ಕಟ್ಟಿ ಬಾಡಿಗೆಗೆ ಕೊಟ್ಟರು. ಮಾಡಿನ ಕೆಳಗೆ ಸಾಲು ಸಾಲು ಖೋಲಿ, ಎಲ್ಲರಿಗೂ ಸೇರಿ ಒಂದು ನಲ್ಲಿ, ಬೆಳಕೇ ಕಾಣದ ಒಳಕೋಣೆ.

ಆಮೇಲೆ ಪ್ಲೇಗು ಬಂತು. 1896ರಲ್ಲಿ ಮಾಂಡವಿ ಬಂದರಿನ ಹತ್ತಿರ ಶುರುವಾಗಿ ಊರನ್ನೆಲ್ಲ ಹಿಡಿಯಿತು. ಲಕ್ಷಗಟ್ಟಲೆ ಜನ ಮುಂಬಯಿ ಬಿಟ್ಟು ಓಡಿದರು. ಗಿರಣಿಗಳಿಗೆ ಆಳಿಲ್ಲದ ಹಾಗಾಯಿತು. ಕೂಲಿಯವರ ಮನೆ ಬಗ್ಗೆ ಸರ್ಕಾರ ಗಂಭೀರವಾಗಿ ಯೋಚಿಸಿದ್ದು ಅಲ್ಲಿಂದ. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಅಂತ ಒಂದು ಸಂಸ್ಥೆ ಆಯಿತು. ಅದು ಇಕ್ಕಟ್ಟಿನ ಕೇರಿಗಳನ್ನು ಕೆಡವಿ ರಸ್ತೆ ಮಾಡಿತು, ಸ್ವಲ್ಪ ಚಾಳೂ ಕಟ್ಟಿಸಿತು. ಕೆಡವಿದ ವೇಗದಲ್ಲಿ ಕಟ್ಟಲಿಲ್ಲ. ಅದರ ಚಾಳುಗಳನ್ನು ಬಿ.ಐ.ಟಿ. ಚಾಳು ಅನ್ನುತ್ತಾರೆ. ಡಾ. ಅಂಬೇಡ್ಕರ್ ಸುಮಾರು ಇಪ್ಪತ್ತು ವರ್ಷ ಇದ್ದದ್ದು ಪರೇಲಿನ ಅಂಥದೇ ಒಂದು ಚಾಳಿನ ಎರಡು ಖೋಲಿಗಳಲ್ಲಿ. ಜನ ಬಿ.ಐ.ಟಿ., ಬಿ.ಡಿ.ಡಿ. ಎರಡನ್ನೂ ಕಲಸಿಬಿಡುತ್ತಾರೆ, ಅದಕ್ಕೆ ಇಷ್ಟು ಹೇಳಿದೆ.

ನಿಮ್ಮ ಅಜ್ಜನ ಚಾಳಿನ ಕಥೆ ಮೊದಲ ಮಹಾಯುದ್ಧ ಮುಗಿದ ಹೊತ್ತಿನದು. ಯುದ್ಧದಲ್ಲಿ ಗಿರಣಿಗಳು ಸಿಕ್ಕಾಪಟ್ಟೆ ಲಾಭ ಮಾಡಿದವು. ಬಾಡಿಗೆ, ದವಸ, ಬಟ್ಟೆ ಎಲ್ಲ ತುಟ್ಟಿಯಾಯಿತು. ಬಾಡಿಗೆ ಹಿಡಿತಕ್ಕೆ 1918ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. 1919ರ ಜನವರಿಯಲ್ಲಿ, ಮತ್ತೆ 1920ರಲ್ಲಿ ಇಡೀ ಗಿರಣಿ ಪ್ರದೇಶ ಮುಷ್ಕರ ಹೂಡಿತು. ಆಗ ಗವರ್ನರ್ ಆಗಿದ್ದವರು ಜಾರ್ಜ್ ಲಾಯ್ಡ್. ಅವರು ದೊಡ್ಡ ಯೋಜನೆ ಹಾಕಿದರು. ಸಮುದ್ರ ತುಂಬಿ ಹೊಸ ಭೂಮಿ ಮಾಡುವುದು, ಕೂಲಿಯವರಿಗೆ 50,000 ಖೋಲಿ ಕಟ್ಟಿಸುವುದು. ಅದಕ್ಕಂತಲೇ ಬಿ.ಡಿ.ಡಿ. ಹುಟ್ಟಿದ್ದು. ಬಡವರ ಮೇಲಿನ ಕನಿಕರ ಇರಲಿಲ್ಲ ಅಂತ ನಾನು ಹೇಳಲ್ಲ, ಇದ್ದಿರಬಹುದು. ಆದರೆ ರೋಗದ ಭಯ, ಮುಷ್ಕರದ ಭಯ ಅದಕ್ಕಿಂತ ದೊಡ್ಡದಾಗಿತ್ತು ಅಂತಲೇ ನನ್ನ ಅಭಿಪ್ರಾಯ.

ದುಡ್ಡು ಎಲ್ಲಿಂದ? ಸಾಲ ಎತ್ತಿದರು. ಜೊತೆಗೆ ಮುಂಬಯಿಗೆ ಬರುವ ಹತ್ತಿಯ ಪ್ರತಿ ಅಂಡಿಗೆಗೆ ಒಂದು ರೂಪಾಯಿ ಸುಂಕ ಹಾಕಿದರು. ಇಲ್ಲಿ ಸ್ವಲ್ಪ ನಿಲ್ಲಿ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು, ಗದಗ ಅದರೊಳಗೆ. ಗದಗ, ಹುಬ್ಬಳ್ಳಿ ಪೇಟೆಯ ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಅಂದರೆ ನಿಮ್ಮ ಅಜ್ಜ ಮಲಗಿದ ಖೋಲಿಯ ಗೋಡೆಗೆ ನಿಮ್ಮ ಊರ ಸುತ್ತಿನ ಹೊಲದ ಹತ್ತಿಯ ರೂಪಾಯಿಯೂ ಬಿದ್ದಿದೆ. ಈ ವಿಷಯ ನನಗೆ ಮೊದಲ ಸಲ ಹೊಳೆದಾಗ ನಾನು ಓದುತ್ತಿದ್ದ ಕಡತ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

50,000 ಆಗಲಿಲ್ಲ. ಸಮುದ್ರ ತುಂಬುವ ಕೆಲಸದಲ್ಲಿ ನೀರಿನ ಹಾಗೆ ಹಣ ಹೋಯಿತು, ವಕೀಲ ಕೆ.ಎಫ್. ನರಿಮನ್ ಅದರ ಅವ್ಯವಹಾರ ಎತ್ತಿ ದೊಡ್ಡ ಗಲಾಟೆ ಆಯಿತು. ಚಾಳುಗಳ ಖರ್ಚೂ ಏರಿತು. 207 ಚಾಳು ಕಟ್ಟಿ ನಿಲ್ಲಿಸಿದರು. ವರಳಿಯಲ್ಲಿ 121, ನಾಯಗಾಂವ್‌ನಲ್ಲಿ 42, ಡಿಲೈಲ್ ರೋಡಿನಲ್ಲಿ 32, ಶಿವಡಿಯಲ್ಲಿ 12. ಎಲ್ಲ ಒಂದೇ ಅಚ್ಚು. ನೆಲದ ಅಂತಸ್ತು ಸೇರಿ ನಾಲ್ಕು ಅಂತಸ್ತು. ಪ್ರತಿ ಅಂತಸ್ತಿನಲ್ಲಿ ನಡುವೆ ಒಂದು ಉದ್ದ ಪಡಸಾಲೆ, ಅದರ ಎರಡೂ ಕಡೆ ಹತ್ತು ಹತ್ತು ಖೋಲಿ. ಒಂದು ಚಾಳಿಗೆ 80 ಖೋಲಿ. ಒಟ್ಟು ಸುಮಾರು 16,500. ಒಂದೊಂದು ಖೋಲಿ ಸುಮಾರು 160 ಚದರಡಿ. ಪಾಯಿಖಾನೆ ಅಂತಸ್ತಿಗೆಲ್ಲ ಸೇರಿ ಒಂದು ಕಡೆ.

ಕಟ್ಟಿದ್ದು ಕಾಂಕ್ರೀಟಿನಲ್ಲಿ. ಆ ಕಾಲಕ್ಕೆ ಅದು ಹೊಸದು. ಬೇಗ ಕಟ್ಟಬಹುದು, ಒಂದೇ ಅಚ್ಚಿನಲ್ಲಿ ಎಷ್ಟು ಬೇಕಾದರೂ ಎರಕ ಹೊಯ್ಯಬಹುದು. ಹಳ್ಳಿಯ ಮಣ್ಣಿನ ಮನೆಯಲ್ಲಿ ಬೆಳೆದವರಿಗೆ ಆ ಬೂದು ಗೋಡೆ, ಹೊಡೆದರೆ ಮೊಳೆಯೇ ಬಾಗುವ ಗೋಡೆ, ಒಗ್ಗಲಿಲ್ಲ. ವರಳಿಯಂತೂ ಆಗ ಊರಾಚೆ. ಗಿರಣಿ ದೂರ, ಸಂತೆ ದೂರ, ಉದ್ರಿ ಕೊಡುವ ಅಂಗಡಿ ಇಲ್ಲ. ಉದ್ರಿ ಇಲ್ಲದ ಕಡೆ ಕೂಲಿಯವನು ತಿಂಗಳು ಹೇಗೆ ದಾಟಿಸಬೇಕು ಹೇಳಿ? ಹಳೇ ಚಾಳು ಎಷ್ಟೇ ಕೆಟ್ಟದಿರಲಿ, ಅಲ್ಲಿ ಪರಿಚಯದ ಕಿರಾಣಿಯವನಿದ್ದ, ಊರವರಿದ್ದರು, ಜಾಬರ್ ಇದ್ದ. ಹಾಗಾಗಿ ವರಳಿಯ ಚಾಳುಗಳು ವರ್ಷಗಟ್ಟಲೆ ಬಹುಪಾಲು ಖಾಲಿ ಬಿದ್ದವು. ಡಿಲೈಲ್ ರೋಡ್, ನಾಯಗಾಂವ್ ಗಿರಣಿಗೆ ಹತ್ತಿರ, ಅಲ್ಲಿ ಜನ ಬಂದರು.

ಈಗ ಜೈಲಿನ ವಿಷಯ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಶುರುವಾದ ಮೇಲೆ ಮುಂಬಯಿಯಲ್ಲಿ ಸಾವಿರಾರು ಜನರನ್ನು ಹಿಡಿದರು. ಇದ್ದ ಜೈಲು ಸಾಲಲಿಲ್ಲ. ಸರ್ಕಾರ ವರಳಿಯ ಖಾಲಿ ಚಾಳುಗಳನ್ನೇ ತಾತ್ಕಾಲಿಕ ಜೈಲು ಮಾಡಿ ಸತ್ಯಾಗ್ರಹಿಗಳನ್ನು ತುಂಬಿತು. ನಡುವೆ ಪಡಸಾಲೆ, ಎರಡು ಕಡೆ ಒಂದೇ ಅಳತೆಯ ಕೋಣೆ. ಅಷ್ಟು ಹೊಂದುತ್ತಿತ್ತು ಜೈಲಿಗೆ. ನಿಮ್ಮ ಅಜ್ಜಿ ನೋಡಿದ್ದು ಡಿಲೈಲ್ ರೋಡಿನದು, ಜೈಲಾಗಿದ್ದು ವರಳಿಯದು. ಆದರೂ ಕಟ್ಟಡದ ಅಚ್ಚು ಒಂದೇ. ಅವರ ಕಣ್ಣಿಗೆ ಕಂಡದ್ದು ಸರಿಯಾಗಿಯೇ ಕಂಡಿದೆ.

ಹನ್ನೆರಡು ಜನ ಹೇಗೆ ಇದ್ದರು? ಸುಲಭದ ಲೆಕ್ಕ ಒಂದು ಮಾಡಿ. ಆರಡಿ ಉದ್ದ, ಎರಡಡಿ ಅಗಲದ ಚಾಪೆಗೆ 12 ಚದರಡಿ ಬೇಕು. ಹನ್ನೆರಡು ಚಾಪೆಗೆ 144. ಖೋಲಿ 160. ಉಳಿದ 16 ಚದರಡಿಯಲ್ಲಿ ಮೋರಿ (ಪಾತ್ರೆ ತೊಳೆಯುವ, ಸ್ನಾನದ ಮೂಲೆ), ನೀರಿನ ಹಂಡೆ, ಟ್ರಂಕುಗಳು. ಅಂದರೆ ಎಲ್ಲರೂ ಒಟ್ಟಿಗೆ ಮಲಗೋಕೆ ಆಗಲ್ಲ. ಮಲಗುತ್ತಲೂ ಇರಲಿಲ್ಲ. ಗಿರಣಿ ಪಾಳಿಯಲ್ಲಿ ನಡೆಯುತ್ತಿತ್ತು. ಬೆಳಗಿನ ಭೋಂಗಾ (ಗಿರಣಿಯ ಸೈರನ್) ಕೂಗಿದಾಗ ಒಂದು ಗುಂಪು ಎದ್ದು ಹೋಗೋದು, ರಾತ್ರಿ ಪಾಳಿ ಮುಗಿಸಿದವರು ಬಂದು ಅದೇ ಹಾಸಿಗೆಯ ಬಿಸಿ ಆರುವ ಮೊದಲು ಮಲಗೋದು. ಸೆಕೆಗಾಲದಲ್ಲಿ ಪಡಸಾಲೆ, ಮಾಳಿಗೆ, ಫುಟ್‌ಪಾತು ಎಲ್ಲ ಮಲಗುವ ಜಾಗವೇ. ಒಬ್ಬೊಬ್ಬನಿಗೆ ಒಂದು ಟ್ರಂಕು, ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಒಂದು ಗೇಣು ಜಾಗ. ನಿಮ್ಮ ಮನೆಯಲ್ಲಿರೋ ಆ ಟ್ರಂಕು ಅಂಥದ್ದೇ ಇರಬಹುದು. ಅದರ ಅಳತೆ ನೋಡಿ, ಚಿಕ್ಕದಾಗಿರುತ್ತದೆ.

ಇಂಥ ಖೋಲಿಗಳು ಹೆಚ್ಚಾಗಿ ಒಂದೇ ಊರಿನವರದ್ದು. ಒಂದು ಹಳ್ಳಿಯವರೆಲ್ಲ ಸೇರಿ ಮಂಡಳ ಮಾಡಿಕೊಂಡು ಒಂದು ಖೋಲಿ ಹಿಡಿಯೋರು, ತಿಂಗಳಿಗೆ ಇಷ್ಟು ಅಂತ ವಂತಿಗೆ ಹಾಕೋರು. ಊರಿಂದ ಹೊಸ ಹುಡುಗ ಬಂದರೆ ನೇರ ಆ ಖೋಲಿಗೆ. ಕೆಲಸ ಹುಡುಕಿಕೊಡೋದು, ಕಾಯಿಲೆ ಬಿದ್ದರೆ ರೈಲು ಹತ್ತಿಸೋದು, ಸತ್ತರೆ ಊರಿಗೆ ಸುದ್ದಿ ಮುಟ್ಟಿಸೋದು, ಎಲ್ಲ ಆ ಮಂಡಳವೇ. ಹೆಂಡತಿ ಮಕ್ಕಳು ಊರಲ್ಲೇ. ಹೊಲವೂ ಊರಲ್ಲೇ. ಮನಿಆರ್ಡರ್ ಹೋಗೋದು, ಮಳೆಗಾಲಕ್ಕೋ ಜಾತ್ರೆಗೋ ಇವರು ಹೋಗೋದು. ನಿಮ್ಮ ಅಜ್ಜಿ ಒಮ್ಮೆ ಮಾತ್ರ ಹೋಗಿ ಬಂದದ್ದು ಅದಕ್ಕೇ. ಅಜ್ಜನ ಜೊತೆ ಇನ್ನೂ ಹನ್ನೊಂದು ಗಂಡಸರಿದ್ದ ಖೋಲಿಯಲ್ಲಿ ಅವರನ್ನು ಎಲ್ಲಿ ಇಡೋದು? ಅಂಥ ಸಮಯದಲ್ಲಿ ಉಳಿದವರು ಪಡಸಾಲೆಗೆ ಹೋಗಿ ಮಲಗುತ್ತಿದ್ದರು ಅಂತ ಹಳಬರು ಹೇಳಿದ್ದು ಕೇಳಿದ್ದೇನೆ.

ಊಟಕ್ಕೆ ಖಾನಾವಳಿ. ಈ ಪದ ನಿಮಗೆ ಹೊಸದಲ್ಲ, ಗದಗಿನಲ್ಲೂ ಅದೇ. ಮುಂಬಯಿಯ ಗಿರಣಿ ಕೇರಿಯಲ್ಲಿ ಖಾನಾವಳಿ ಅಂದರೆ ಬೋರ್ಡು ಹಾಕಿದ ಹೋಟೆಲು ಅಲ್ಲ. ಪಕ್ಕದ ಖೋಲಿಯ ಹೆಂಗಸು, ಬಹಳ ಸಲ ಗಂಡ ಸತ್ತವಳು ಅಥವಾ ಗಂಡನ ಕೆಲಸ ಹೋದವಳು, ಹದಿನೈದೋ ಇಪ್ಪತ್ತೋ ಗಿರಣಿಯವರಿಗೆ ಎರಡು ಹೊತ್ತು ಅಡುಗೆ ಮಾಡಿ ಹಾಕೋದು. ಹಣ ತಿಂಗಳ ಕೊನೆಗೆ, ಪಗಾರ ಬಂದ ಮೇಲೆ. ಅಲ್ಲಿವರೆಗೆ ಅವಳೇ ಸಾಲ ತಂದು ಜೋಳ, ಅಕ್ಕಿ ಕೊಳ್ಳಬೇಕು. ಮುಷ್ಕರ ಆದರೆ ಪಗಾರ ಇಲ್ಲ, ಆದರೂ ಊಟ ಹಾಕಬೇಕು. 1928ರಲ್ಲಿ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಗಿರಣಿಗಳು ನಿಂತಿದ್ದವು, ಸುಮಾರು ಒಂದೂವರೆ ಲಕ್ಷ ಜನ ಮುಷ್ಕರದಲ್ಲಿದ್ದರು. ಸಂಘಟನೆಗಳ ಹೆಸರು ಇತಿಹಾಸದಲ್ಲಿ ಉಳಿದಿದೆ. ಉದ್ರಿ ಊಟ ಹಾಕಿದ ಈ ಹೆಂಗಸರ ಹೆಸರು ಎಲ್ಲೂ ಇಲ್ಲ. ಅವರಿಗೆ ಬ್ಯಾಂಕಿನ ಸಾಲ ಸಿಗೋ ಹಾಗಾಗಿದ್ದು ಬಹಳ ತಡವಾಗಿ, 1975ರಲ್ಲಿ ಪ್ರೇಮಾ ಪುರವ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ ಮೇಲೆ. ಗಿರಣಿ ಕೇರಿಯ ಚರಿತ್ರೆಯಲ್ಲಿ ನನಗೆ ತುಂಬಾ ನೋವು ಕೊಡೋದು ಈ ಭಾಗ.

ಕೆಲವು ವರ್ಷದ ಹಿಂದೆ ಡಿಲೈಲ್ ರೋಡಿನ ಒಂದು ಖೋಲಿಯಲ್ಲಿ ಅರ್ಧ ದಿನ ಕೂತಿದ್ದೆ. ಪಡಸಾಲೆ ಮಧ್ಯಾಹ್ನವೂ ಕತ್ತಲು, ಎರಡು ತುದಿಯಲ್ಲಿ ಮಾತ್ರ ಬೆಳಕಿನ ಚೌಕ. ಪ್ರತಿ ಬಾಗಿಲ ಹೊರಗೆ ಚಪ್ಪಲಿ ಗೂಡು, ನೀರಿನ ಡ್ರಮ್ಮು. ಬಾಗಿಲು ಯಾವುದೂ ಹಾಕಿರಲಿಲ್ಲ, ಪರದೆ ಅಷ್ಟೇ. ಒಳಗೆ ಮೂಲೆಯಲ್ಲಿ ಮೋರಿ, ಅದಕ್ಕೆ ಬೆರಳುದ್ದದ ಕಟ್ಟೆ. ಅದರಲ್ಲೇ ಪಾತ್ರೆ, ಅದರಲ್ಲೇ ಸ್ನಾನ. ತಲೆ ಮೇಲೆ ಹಲಗೆಯ ಅಟ್ಟ. ಆ ಅಟ್ಟದ ಮೇಲೆ ಒಬ್ಬ ಹುಡುಗಿ ಬೋರಲು ಮಲಗಿ ಪರೀಕ್ಷೆಗೆ ಓದುತ್ತಿದ್ದಳು, ಎದ್ದು ಕೂತರೆ ತಲೆ ಸೂರಿಗೆ ತಾಗುತ್ತಿತ್ತು. ಮನೆಯ ಅಜ್ಜಿ ನನಗೆ ಚಹಾ ಕೊಟ್ಟು, ತಾನು ಮದುವೆಯಾಗಿ ಬಂದಾಗ ಈ ಖೋಲಿಯಲ್ಲಿ ಒಂಬತ್ತು ಜನ ಇದ್ದರು, ಗಂಡನ ಜೊತೆ ಮಾತಾಡಬೇಕಾದರೆ ಮಾಳಿಗೆಗೆ ಹೋಗಬೇಕಿತ್ತು ಅಂದರು. ಆಮೇಲೆ ಗೋಡೆ ತಟ್ಟಿ ತೋರಿಸಿದರು. ನೂರು ವರ್ಷ ಆಗುತ್ತಾ ಬಂದ ಕಾಂಕ್ರೀಟು, ಕೆಲವು ಕಡೆ ಉದುರಿ ಒಳಗಿನ ಕಬ್ಬಿಣ ಕೆಂಪಗೆ ಕಾಣುತ್ತಿತ್ತು.

ಸರ್ಕಾರ ಕಟ್ಟಿದ್ದು ಕೋಣೆಗಳನ್ನು ಮಾತ್ರ. ಅದನ್ನು ವಸತಿ ಮಾಡಿದ್ದು ಈ ಜನ. ಗಣಪತಿ, ಭಜನೆ, ಕಬಡ್ಡಿ, ತಾಲೀಮು, ಸಂಘದ ಸಭೆ ಎಲ್ಲಕ್ಕೂ ಎರಡು ಚಾಳಿನ ನಡುವಿನ ಅಂಗಳವೇ ಜಾಗ. ಆದರೆ ಅಲ್ಲಿ ಎಲ್ಲರೂ ಒಂದಾಗಿದ್ದರು ಅಂತ ಬರೆದರೆ ಸುಳ್ಳಾಗುತ್ತದೆ. ಜಾತಿ ಅಲ್ಲೂ ಬಂದಿತ್ತು. ಗಿರಣಿಯೊಳಗೆ ನೇಯ್ಗೆ ಖಾತೆಗೆ ದಲಿತರನ್ನು ಸೇರಿಸುತ್ತಿರಲಿಲ್ಲ, ಯಾಕಂದ್ರೆ ದಾರ ಕಡಿದಾಗ ಬಾಯಲ್ಲಿ ಎಳೆದು ಸೇರಿಸಬೇಕಿತ್ತು, ಮುಟ್ಟಬಾರದು ಅನ್ನೋ ಮಾತು. ಚಾಳುಗಳಲ್ಲೂ ದಲಿತರ ಚಾಳು, ಬೇರೆಯವರ ಚಾಳು ಅಂತ ಬಹುಮಟ್ಟಿಗೆ ಬೇರೆಯಾಗಿದ್ದವು. 1974ರ ಜನವರಿಯಲ್ಲಿ ವರಳಿಯ ಬಿ.ಡಿ.ಡಿ. ಚಾಳುಗಳಲ್ಲಿ ದಲಿತ್ ಪ್ಯಾಂಥರ್ಸ್ ಅನ್ನುವ ದಲಿತ ಯುವಕರ ಸಂಘಟನೆಯ ಸಭೆಯ ಮೇಲೆ ಕಲ್ಲು ಬಿದ್ದು ದೊಡ್ಡ ಗಲಭೆಯೇ ಆಯಿತು. ಒಂದೇ ಗಿರಣಿಯ ಹೊಗೆ ಕುಡಿದವರು ಎದುರುಬದುರು ಮಾಳಿಗೆಯಿಂದ ಕಲ್ಲು ತೂರಿದರು.

1956ರಲ್ಲಿ ರಾಜ್ಯಗಳು ಹೊಸದಾಗಿ ಆದಾಗ ಧಾರವಾಡ ಮೈಸೂರು ರಾಜ್ಯಕ್ಕೆ ಬಂತು. ಅಜ್ಜ ಆಗ ಗಿರಣಿಯಲ್ಲೇ ಇದ್ದರು, ಅಲ್ವಾ? ತಮ್ಮದೇ ಪ್ರಾಂತ್ಯದ ರಾಜಧಾನಿಗೆ ದುಡಿಯಲು ಹೋದವರು ಕೂತಲ್ಲೇ ಬೇರೆ ರಾಜ್ಯದವರಾದರು. ಆ ವರ್ಷದ ಕಾಗದ ಏನಾದರೂ ಇದ್ದರೆ ಓದಿ ನೋಡಿ.

ಆಮೇಲಿನದನ್ನು ಬೇಗ ಹೇಳುತ್ತೇನೆ. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಮುಷ್ಕರಕ್ಕೆ ಇಳಿದರು. ಅದು ಮುಗಿಯಿತು ಅಂತ ಯಾರೂ ಘೋಷಿಸಲೇ ಇಲ್ಲ. ಬಹಳ ಗಿರಣಿಗಳು ಮತ್ತೆ ಸರಿಯಾಗಿ ತೆರೆಯಲಿಲ್ಲ. ಗಿರಣಿ ಜಾಗದಲ್ಲಿ ಮೂರನೇ ಒಂದು ಪಾಲು ಬಯಲಿಗೆ, ಒಂದು ಪಾಲು ಬಡವರ ಮನೆಗೆ, ಒಂದು ಮಾಲೀಕರಿಗೆ ಅಂತ 1991ರಲ್ಲಿ ನಿಯಮ ಬಂತು. 2001ರಲ್ಲಿ ಅದನ್ನು ತಿದ್ದಿ, ಕಟ್ಟಡ ಇಲ್ಲದ ಖಾಲಿ ಜಾಗಕ್ಕೆ ಮಾತ್ರ ಈ ಪಾಲು ಅಂದರು. ಆ ಒಂದು ತಿದ್ದುಪಡಿಯಲ್ಲಿ ಕೂಲಿಯವರ ಮನೆಯ ಜಾಗ ಕರಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು. ಅದು ಅನ್ಯಾಯ ಅಂತ ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಇನ್ನು ನಿಮ್ಮ ಹಕ್ಕಿನ ಪ್ರಶ್ನೆ. ಇಲ್ಲಿ ಎರಡು ಬೇರೆ ಬೇರೆ ವಿಷಯ ಇವೆ. ಒಂದು, ಮುಚ್ಚಿದ ಗಿರಣಿಗಳ ಕೆಲಸಗಾರರಿಗೆ ಮ್ಹಾಡಾ, ಅಂದರೆ ಮಹಾರಾಷ್ಟ್ರ ಸರ್ಕಾರದ ವಸತಿ ಸಂಸ್ಥೆ, ಲಾಟರಿಯಲ್ಲಿ ಕೊಡುವ ಮನೆ. ಅದಕ್ಕೆ 1982ರ ಜನವರಿ 1ರಂದೋ ಆಮೇಲೋ ಗಿರಣಿಯಲ್ಲಿ ಕೆಲಸದಲ್ಲಿದ್ದಿರಬೇಕು. ಅಜ್ಜ 1971ರಲ್ಲೇ ಬಿಟ್ಟಿದ್ದಾರೆ, ಹಾಗಾಗಿ ಅದು ಬರಲ್ಲ. ಇನ್ನೊಂದು, ಚಾಳಿನ ಖೋಲಿ. ಅದು ಸರ್ಕಾರದ ಆಸ್ತಿ, ಅದರಲ್ಲಿದ್ದವರು ಬಾಡಿಗೆದಾರರು. ಹೊಸ ಮನೆ ಸಿಗೋದು ಅರ್ಹ ಬಾಡಿಗೆದಾರರಿಗೆ. ಮಂಡಳದ ಖೋಲಿಯಲ್ಲಿ ಬಾಡಿಗೆ ಪಾವತಿ (ರಸೀದಿ) ಒಬ್ಬರ ಹೆಸರಲ್ಲಿ ಇರುತ್ತಿತ್ತು, ಉಳಿದವರು ವಂತಿಗೆ ಕೊಡೋರು. ಅಜ್ಜನ ಹೆಸರಿನ ಪಾವತಿ ಇಲ್ಲದಿದ್ದರೆ, ಐವತ್ತು ವರ್ಷದಿಂದ ಅಲ್ಲಿ ನಿಮ್ಮವರು ಯಾರೂ ಇಲ್ಲದಿದ್ದರೆ, ಆಸೆ ಇಟ್ಟುಕೊಳ್ಳಬೇಡಿ. 'ಖೋಲಿ ಮಾಡಿಸಿಕೊಡ್ತೀನಿ' ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಲೇಬೇಡಿ.

ಚಾಳು ಇದೆಯಾ ಅಂದರೆ, ಬೇಗ ಹೋಗಿ. ಮ್ಹಾಡಾ ವರಳಿ, ನಾಯಗಾಂವ್, ಡಿಲೈಲ್ ರೋಡಿನ ಚಾಳುಗಳನ್ನು ಕೆಡವಿ ಎತ್ತರದ ಕಟ್ಟಡ ಕಟ್ಟುತ್ತಿದೆ. 160 ಚದರಡಿಯಲ್ಲಿ ಇದ್ದವರಿಗೆ 500 ಚದರಡಿಯ ಮನೆ, ಹಣ ಇಲ್ಲದೆ. 2025ರ ಆಗಸ್ಟ್‌ನಲ್ಲಿ ವರಳಿಯಲ್ಲಿ ಮೊದಲ 556 ಮನೆಗಳ ಕೀಲಿ ಕೊಟ್ಟರು. ಹಳೇ ಚಾಳು ಉಳಿಯಲಿ ಅಂತ ನಾನು ಕೇಳಲಾರೆ. ಆ ಅಟ್ಟದ ಮೇಲೆ ಓದುತ್ತಿದ್ದ ಹುಡುಗಿಗೆ ಎದ್ದು ಕೂರುವಷ್ಟು ಸೂರು ಬೇಕೇ ಬೇಕು. ಒಂದೋ ಎರಡೋ ಚಾಳನ್ನು ಖೋಲಿ ಸಮೇತ ಹಾಗೇ ಇಡಬೇಕು ಅನ್ನೋದು ಮಾತ್ರ ನನ್ನ ಆಸೆ.

ಡಿಲೈಲ್ ರೋಡಿನ ಹೆಸರು ಈಗ ಎನ್.ಎಂ. ಜೋಶಿ ಮಾರ್ಗ, ಕಾರ್ಮಿಕ ಮುಂದಾಳು ಜೋಶಿಯವರ ಹೆಸರು. ನಕ್ಷೆಯಲ್ಲಿ ಹಾಗೆ ಹುಡುಕಿ. ಲೋವರ್ ಪರೇಲ್ ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಪ್ರತಿ ಚಾಳಿಗೂ ನಂಬರು ಇದೆ, ಅದಕ್ಕೇ ಲಕೋಟೆ ಜೋಪಾನ ಅಂದದ್ದು. ಅಜ್ಜನ ನಂಬರಿನ ಚಾಳು ಕೆಡವಿದ್ದರೆ ಪಕ್ಕದ್ದಕ್ಕೆ ಹೋಗಿ, ಅಚ್ಚು ಒಂದೇ ತಾನೆ. ಕೆಳಗಿನ ಅಂತಸ್ತಿನಲ್ಲಿ ವಯಸ್ಸಾದವರು ಯಾರಾದರೂ ಬಾಗಿಲಲ್ಲಿ ಕೂತಿರುತ್ತಾರೆ. ಲಕೋಟೆ ತೋರಿಸಿ, ಅಜ್ಜನ ಊರಿನ ಹೆಸರು ಹೇಳಿ. ಆ ಊರಿನ ಖೋಲಿ ಯಾವುದಿತ್ತು ಅಂತ ಕೇಳಿ.